ಮೊಸರಿನ ಕಲ್ಲೂ ಮಲೆನಾಡಿನ ಹಾರುವ ಓತಿಯೂ

ಎಲ್ಲರೂ ಮೆಚ್ಚಿದ ಕೃತಿಯಲ್ಲಿ ತಪ್ಪು ಹುಡುಕುವವನನ್ನು ಕಂಡರೆ ಉಳಿದ ಓದುಗರಿಗೆ ಆಗದು. ‘ಮೊಸರಿನಲ್ಲಿ ಕಲ್ಲು ಹುಡುಕುವವನು’ ಎಂದು ಅವನನ್ನು ಬದಿಗೆ ಸರಿಸಿಬಿಡುತ್ತಾರೆ. ಕಥೆಯೆಂದ ಮೇಲೆ ಕಲ್ಪನೆ ಇದ್ದೇ ಇರುತ್ತದೆ, ಅದಕ್ಕೆ ಲೆಕ್ಕ ಕೇಳುವುದೇಕೆ ಎಂಬುದು ಅವರ ವಾದ. ಆದರೆ ವಿಜ್ಞಾನವನ್ನೇ ಆಧಾರವಾಗಿಟ್ಟುಕೊಂಡ ಕಥೆಗಳ ವಿಷಯದಲ್ಲಿ ಈ ವಾದ ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ. ಇದಕ್ಕೆ ಕನ್ನಡದ ಉದಾಹರಣೆ ಬೇಕೆಂದರೆ ಚಿಕ್ಕಮಗಳೂರು ಜಿಲ್ಲೆಯ ಕಾಫಿ ಸೀಮೆಗೇ ಹೋಗಬೇಕು. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು ಬರೆಯುತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರ (1938–2007) ‘ಕರ್ವಾಲೊ’ 1980ರಲ್ಲಿ ಪ್ರಕಟವಾಯಿತು. ಅಂದಿನಿಂದ ಇಂದಿನವರೆಗೂ ಅದನ್ನು ಓದುವವರು ಕಡಿಮೆಯಾಗಿಲ್ಲ.

ಕಥೆ ಬಹುಮಂದಿಗೆ ಗೊತ್ತಿರುವಂಥದೇ. ವಿಜ್ಞಾನಿ ಕರ್ವಾಲೊ, ಬೇಸಾಯ ಮಾಡಿಕೊಂಡಿರುವ ನಿರೂಪಕ, ಜೇನಿನ ಮರ್ಮ ಬಲ್ಲ ಮಂದಣ್ಣ, ನಿರೂಪಕನ ನಾಯಿ ಕಿವಿ, ಜೊತೆಗೆ ಇನ್ನೂ ಕೆಲವರು ಹಾರುವ ಓತಿಯನ್ನು ಅರಸುತ್ತ ದಟ್ಟ ಕಾಡಿಗೆ ಹೋಗುತ್ತಾರೆ. ಯುಗಯುಗಗಳ ಹಿಂದೆಯೇ ಅಳಿದುಹೋಯಿತೆಂದು ಲೋಕ ತಿಳಿದಿದ್ದ ಜೀವಿ ಅದು, ವಿಕಾಸದ ಸರಪಳಿಯ ಒಂದು ಕೊಂಡಿ ಎಂಬುದು ಕಾದಂಬರಿಯ ಎಣಿಕೆ. ಓತಿ ಕೊನೆಗೆ ಕಣ್ಣಿಗೆ ಬೀಳುತ್ತದೆ, ಆದರೆ ಕೈಗೆ ಸಿಗದೆ ತೇಲಿ ಹೋಗುತ್ತದೆ.

ಮೊಸರಿನ ಕಲ್ಲು ಇರುವುದು ಇಲ್ಲಿಯೇ. ಹಾರುವ ಓತಿ ಅಳಿದುಹೋದ ಪ್ರಾಣಿಯಲ್ಲ. ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಮಲೆನಾಡು ಮತ್ತು ಕರಾವಳಿಯ ಅಡಿಕೆ ತೋಟಗಳಲ್ಲಿ ಅದು ಇಂದಿಗೂ ಇದೆ. ವಿಜ್ಞಾನ ಅದನ್ನು ‘ಡ್ರೇಕೊ ಡುಸುಮಿಯೆರಿ’ ಎಂದು ಹೆಸರಿಸಿದ್ದು 1837ರಲ್ಲಿ, ಅಂದರೆ ಕಾದಂಬರಿ ಹುಟ್ಟುವುದಕ್ಕೆ ಸುಮಾರು ಒಂದೂವರೆ ಶತಮಾನ ಮೊದಲು. ಆಗ್ನೇಯ ಏಷ್ಯಾದಲ್ಲಿ ಅದರ ಜಾತಿಬಾಂಧವರು ಹಲವು ಬಗೆಯವರಿದ್ದರೆ, ದಕ್ಷಿಣ ಭಾರತದಲ್ಲಿರುವುದು ಇದೊಂದೇ. ಬೇಲಿಯ ಮೇಲೆ ತಲೆಯಾಡಿಸುವ ಓತಿಕ್ಯಾತನ ಕುಟುಂಬಕ್ಕೇ ಸೇರಿದ ಪ್ರಾಣಿ. ಪಕ್ಕೆಲುಬುಗಳು ದೇಹದಿಂದಾಚೆಗೆ ಉದ್ದವಾಗಿ ಬೆಳೆದು, ಅವುಗಳ ನಡುವಿನ ಚರ್ಮ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಅದರ ಬಲದಿಂದ ಮರದಿಂದ ಮರಕ್ಕೆ ತೇಲುತ್ತದೆ. ಆಹಾರ ಮುಖ್ಯವಾಗಿ ಇರುವೆ. ಹೆಣ್ಣು ಮೊಟ್ಟೆಯಿಡಲು ನೆಲಕ್ಕಿಳಿಯುವುದನ್ನು ಬಿಟ್ಟರೆ ಅದರ ಬದುಕೆಲ್ಲ ಮರದ ಮೇಲೆಯೇ.

ತಕರಾರು ಇಷ್ಟಕ್ಕೇ ಮುಗಿಯುವುದಿಲ್ಲ. ಹಕ್ಕಿಯ ರೆಕ್ಕೆ ಮುಂಗಾಲು ಮಾರ್ಪಟ್ಟು ಆದದ್ದು. ಓತಿಯ ‘ರೆಕ್ಕೆ’ ಪಕ್ಕೆಲುಬಿನದು. ಹೀಗಾಗಿ ಸರೀಸೃಪಕ್ಕೂ ಹಕ್ಕಿಗೂ ನಡುವಿನ ಕೊಂಡಿಯೆಂದು ಅದನ್ನು ಯಾರಾದರೂ ತಿಳಿದರೆ ಅದು ಸರಿಯಲ್ಲ. ಅಂದರೆ ಈ ತಪ್ಪು ಒಂದು ಊರಿನ ಹೆಸರೋ ಒಂದು ತಾರೀಖೋ ಅದಲುಬದಲಾದಂಥ ಸಣ್ಣ ತಪ್ಪಲ್ಲ. ಇಡೀ ಹುಡುಕಾಟ ನಿಂತಿರುವ ಜಾಗಕ್ಕೇ ತಗಲುವಂಥದು.

ಹಾಗಾದರೆ ಇದನ್ನು ತಿಳಿದ ಓದುಗನಿಗೆ ಕಾದಂಬರಿ ಕೆಟ್ಟಿತೇ? ಇಂಥ ಪ್ರಶ್ನೆ ಕನ್ನಡಕ್ಕೆ ಹೊಸತಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದದ ಹೆಸರೇ ‘ದೋಷಾದೋಷಾನುವರ್ಣನ ನಿರ್ಣಯ’. ದೋಷ ಯಾವುದು ಎಂಬುದರ ಜೊತೆಗೆ ದೋಷವಲ್ಲದ್ದು ಯಾವುದು ಎಂಬುದನ್ನೂ ತೂಗಬೇಕೆಂಬ ತಿಳಿವಳಿಕೆ ಆ ಹೆಸರಿನಲ್ಲೇ ಇದೆ. ತಪ್ಪು ಸಿಕ್ಕಿತೆಂದು ಕುಣಿಯುವವನು ಅರ್ಧ ಕೆಲಸವನ್ನಷ್ಟೇ ಮಾಡಿರುತ್ತಾನೆ. ಆ ತಪ್ಪಿನಿಂದ ಕೃತಿಯಲ್ಲಿ ಏನು ಬಿತ್ತು, ಏನು ಉಳಿಯಿತು ಎಂದು ಹೇಳಿದರೆ ಮಾತ್ರ ಕೆಲಸ ಪೂರ್ತಿಯಾಗುತ್ತದೆ.

ಹೊರದೇಶಗಳಲ್ಲಿ ಇದು ಒಂದು ದೊಡ್ಡ ಹವ್ಯಾಸವೇ ಆಗಿ ಬೆಳೆದಿದೆ. ಷರ್ಲಾಕ್ ಹೋಮ್ಸ್‌ನ ಗೆಳೆಯ ಡಾ. ವಾಟ್ಸನ್‌ಗೆ 1887ರ ಕಾದಂಬರಿಯಲ್ಲಿ ಗುಂಡು ತಗುಲಿದ್ದು ಭುಜಕ್ಕೆ. 1890ರ ಕಾದಂಬರಿಯಲ್ಲಿ ನೋಯುವುದು ಕಾಲು. ಈ ಒಂದು ಗಾಯದ ಮೇಲೆ ಅಭಿಮಾನಿಗಳು ನೂರಾರು ಪುಟ ಬರೆದಿದ್ದಾರೆ. ಅಮೆರಿಕದ ಲ್ಯಾರಿ ನಿವೆನ್ 1970ರಲ್ಲಿ ‘ರಿಂಗ್‌ವರ್ಲ್ಡ್’ ಎಂಬ ವೈಜ್ಞಾನಿಕ ಕಾದಂಬರಿ ಬರೆದರು. ನಕ್ಷತ್ರವೊಂದರ ಸುತ್ತ ಕಟ್ಟಿದ ಬೃಹತ್ ಬಳೆಯಂಥ ಲೋಕ ಅದು. ಅಂಥ ಬಳೆ ಸ್ಥಿರವಾಗಿ ನಿಲ್ಲದು, ಸ್ವಲ್ಪ ಸರಿದರೂ ನಕ್ಷತ್ರಕ್ಕೆ ಬಡಿಯುತ್ತದೆ ಎಂದು 1971ರ ವಿಜ್ಞಾನಕಥಾ ಸಮ್ಮೇಳನದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಘೋಷಣೆ ಕೂಗಿದರಂತೆ. ನಿವೆನ್ ಆ ದೋಷವನ್ನೇ ಕಥಾವಸ್ತು ಮಾಡಿಕೊಂಡು ಮುಂದಿನ ಕಾದಂಬರಿ ಬರೆದರು. ಅದು ಪುಸ್ತಕವಾಗಿ ಬಂದದ್ದೂ 1980ರಲ್ಲೇ. ಲೆಕ್ಕ ಹಾಕಿ ನೋಡಿದ ಆ ವಿದ್ಯಾರ್ಥಿಗಳು ಪುಸ್ತಕವನ್ನು ದ್ವೇಷಿಸಿದವರಲ್ಲ. ಇಷ್ಟಪಡದ ಪುಸ್ತಕಕ್ಕೆ ಯಾರೂ ಅಷ್ಟು ಹೊತ್ತು ಕೊಡುವುದಿಲ್ಲ.

‘ಕರ್ವಾಲೊ’ಗೆ ಮರಳಿ ಬಂದರೆ, ಓತಿಯ ನಿಜ ತಿಳಿದಾಗ ಬೀಳುವುದೊಂದು ಉಂಟು. ಅಡಿಕೆ ಮರದ ಮೇಲೆ ಸಿಗುವ ಪ್ರಾಣಿಗೆ ಇಷ್ಟು ದೊಡ್ಡ ದಂಡಯಾತ್ರೆ ಬೇಕಿತ್ತೇ ಎಂಬ ಅನುಮಾನ ಬಂದು ಕೊನೆಯ ಅಧ್ಯಾಯಗಳ ಬಿಗಿ ಕೊಂಚ ಸಡಿಲುತ್ತದೆ. ಅದನ್ನು ಮುಚ್ಚಿಡಬೇಕಾಗಿಲ್ಲ. ಉಳಿಯುವುದು ಅದಕ್ಕಿಂತ ಹೆಚ್ಚಿನದು. ಊರಿನವರ ಕಣ್ಣಿಗೆ ಯಾವ ಲೆಕ್ಕಕ್ಕೂ ಇಲ್ಲದ ಮಂದಣ್ಣನಲ್ಲಿ ಕರ್ವಾಲೊ ಒಬ್ಬ ನಿಸರ್ಗತಜ್ಞನನ್ನು ಕಾಣುತ್ತಾರೆ. ಡಿಗ್ರಿಯಿಲ್ಲದವನು ಕಂಡದ್ದು ಓದಿದವರ ಕಣ್ಣಿಗೆ ಬಿದ್ದಿರುವುದಿಲ್ಲ. ಓತಿ ಅಪರೂಪದ್ದಲ್ಲ ಎಂದಾದರೆ ಈ ಮಾತಿಗೆ ಬಲ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಕೋಟಿ ವರ್ಷಗಳ ಆಚೆ ಇದೆಯೆಂದುಕೊಂಡದ್ದು ಪಕ್ಕದ ತೋಟದಲ್ಲೇ, ತೊಗಟೆಯ ಬಣ್ಣದಲ್ಲಿ ಬೆರೆತು ಕೂತಿರುತ್ತದೆ. ತಲೆಯೆತ್ತಿ ನೋಡಿದವರು ಕಡಿಮೆ, ಅಷ್ಟೆ.

ತಕರಾರಿನಿಂದ ಬರುವ ಲಾಭ ಇನ್ನೊಂದಿದೆ. ನಿಜವನ್ನು ಅರಸುತ್ತ ಹೋದವನಿಗೆ ಕ್ಯೂನಿಯೋಸಾರಸ್ ಎಂಬ ಪಳೆಯುಳಿಕೆ ಎದುರಾಗುತ್ತದೆ. 20 ಕೋಟಿ ವರ್ಷಗಳಿಗೂ ಹಿಂದೆ ಯುರೋಪಿನಲ್ಲಿ ಬದುಕಿದ್ದ ಆ ಸರೀಸೃಪಕ್ಕೂ ಉದ್ದನೆಯ ಪಕ್ಕೆಲುಬುಗಳಿದ್ದವು. ಅದು ನಮ್ಮ ಓತಿಯ ಪೂರ್ವಜನಲ್ಲ. ಒಂದೇ ಉಪಾಯವನ್ನು ನಿಸರ್ಗ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜೀವಿಗಳಲ್ಲಿ ಕಂಡುಕೊಂಡಿತು. ಕಾದಂಬರಿ ಹುಟ್ಟಿಸಿದ ಬೆರಗಿಗಿಂತ ಇದು ಚಿಕ್ಕದೇನಲ್ಲ. ಆದರೆ ಕಾದಂಬರಿ ಓದದೆ ಇದ್ದವನು ಇಲ್ಲಿಯವರೆಗೆ ಬರುತ್ತಲೇ ಇರಲಿಲ್ಲ.

ಬಣ್ಣ ನೋಡಿ ಬೇರ್ಪಡಿಸುವ ಯಂತ್ರಗಳು ಬರುವ ಮೊದಲು ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಕೇಂದ್ರಗಳಲ್ಲಿ ಹೆಂಗಸರು ಸಾಲಾಗಿ ಕುಳಿತು ಕಪ್ಪು ಬೀಜ, ಒಡಕು ಬೀಜಗಳನ್ನು ಕೈಯಿಂದಲೇ ಆರಿಸುತ್ತಿದ್ದರು. ನಾಲ್ಕು ಕಪ್ಪು ಬೀಜ ಸಿಕ್ಕವೆಂದು ಯಾರೂ ಮೂಟೆಯನ್ನೇ ಎಸೆಯುತ್ತಿರಲಿಲ್ಲ, ಮೂಟೆ ಒಳ್ಳೆಯದೆಂದು ಅವನ್ನು ಒಳಗೇ ಬಿಡುತ್ತಲೂ ಇರಲಿಲ್ಲ. ಕಳಸದ ಕಡೆಯ ಶಾಲೆಯೊಂದರಲ್ಲಿ ಹುಡುಗಿಯೊಬ್ಬಳು ಎದ್ದು ನಿಂತು, ‘ಈ ಓತಿ ನಮ್ಮ ತೋಟದಲ್ಲಿದೆಯಲ್ಲಾ ಸಾರ್’ ಎಂದರೆ, ‘ಅದು ಕಥೆ, ಕೂತುಕೋ’ ಎನ್ನುವ ಮೇಷ್ಟರು ಒಬ್ಬ ಓದುಗಳನ್ನೂ ಒಬ್ಬ ವಿಜ್ಞಾನಿಯನ್ನೂ ಒಂದೇ ಮಾತಿನಲ್ಲಿ ಕಳೆದಂತಾಗುತ್ತದೆ. ಅವಳನ್ನು ಮುಂದೆ ಮಾಡಿಕೊಂಡು ತರಗತಿಯೇ ತೋಟಕ್ಕೆ ಹೋಗುವುದು ಒಳ್ಳೆಯದು. ಓತಿಯನ್ನು ನೋಡಿ ಬಂದ ಮಕ್ಕಳು ಕಾದಂಬರಿಯ ಉಳಿದ ಪುಟಗಳನ್ನು ಓದದೆ ಬಿಡಲಾರರು.