ಕರೆಂಟ್ ಬಂದರೂ ಲಿನಕ್ಸ್ ಕಂಪ್ಯೂಟರ್ ತಡವಾಗಿ ಏಳೋದು ಯಾಕೆ?

ಇವತ್ತಿನ ವಿಷಯ ಸಣ್ಣದು, ಆದರೆ ಗೊತ್ತಿಲ್ಲದಿದ್ದರೆ ಸುಮ್ಮನೆ ದುಡ್ಡು ಖರ್ಚಾಗುತ್ತೆ. ಲಿನಕ್ಸ್ ಇರುವ ಕಂಪ್ಯೂಟರ್ ಆನ್ ಮಾಡ್ತೀರಿ, ಅದು ಒಂದು ನಿಮಿಷ ಸುಮ್ಮನೆ ಕೂತುಬಿಡುತ್ತೆ. ರಿಪೇರಿಗೆ ಒಯ್ದರೆ ‘ಹಾರ್ಡ್‌ಡಿಸ್ಕ್ ಹಳೇದಾಗೈತಿ, ಎಸ್‌ಎಸ್‌ಡಿ ಹಾಕಿಸ್ರಿ’ ಅಂತಾರೆ. ಎಷ್ಟೋ ಸಲ ಅದು ನಿಜವೇ. ಆದರೆ ಕೆಲವು ಸಲ ಡಿಸ್ಕ್ ಚೆನ್ನಾಗೇ ಇರುತ್ತೆ, ಕಂಪ್ಯೂಟರ್ ನೆಟ್‌ವರ್ಕ್‌ನ ದಾರಿ ಕಾಯ್ತಾ ಕೂತಿರುತ್ತೆ.

ನಮ್ಮ ಹಿರೇಹಡಗಲಿ ಕಡೆಯ ಒಂದು ಜೆರಾಕ್ಸ್ ಅಂಗಡಿ ಅಂದುಕೊಳ್ರಿ. ಕರೆಂಟ್ ಹೋಗಿ ಬಂತು. ಕಂಪ್ಯೂಟರ್, ರೂಟರ್ ಎರಡೂ ಒಟ್ಟಿಗೆ ಏಳ್ತಾವೆ. ಲ್ಯಾನ್ ಕೇಬಲ್‌ನ ದೀಪ ಹತ್ತಿರುತ್ತೆ, ಆದರೆ ರೂಟರ್ ಇನ್ನೂ ಐಪಿ ವಿಳಾಸ ಕೊಡುವಷ್ಟು ಎದ್ದಿರಲ್ಲ. ಕಂಪ್ಯೂಟರ್ ಕೇಳ್ತಾನೇ ಇರುತ್ತೆ. ಅರ್ಜಿ ಪ್ರಿಂಟ್ ಮಾಡಿಸೋಕೆ ಬಂದವರು ಸಾಲಲ್ಲಿ ನಿಂತಿರ್ತಾರೆ.

ಉಬುಂಟು, ಡೆಬಿಯನ್, ಫೆಡೋರಾಗಳಲ್ಲಿ ಎಲ್ಲವನ್ನೂ ಎಬ್ಬಿಸುವ ಮೇಸ್ತ್ರಿ ಸಿಸ್ಟಮ್‌ಡಿ. ಇದು 2010ರಲ್ಲಿ ಬಂತು, ಉಬುಂಟು 2015ರಲ್ಲಿ ಒಪ್ಪಿಕೊಂಡಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಬಳಸುವ ಕೈಟ್ ಗ್ನೂ ಲಿನಕ್ಸ್ ಕೂಡ ಉಬುಂಟು ಆಧರಿಸಿದ್ದೇ. ಸಿಸ್ಟಮ್‌ಡಿ ಆದಷ್ಟು ಕೆಲಸಗಳನ್ನು ಒಟ್ಟಿಗೆ ಶುರು ಮಾಡುತ್ತೆ. ‘ನೆಟ್‌ವರ್ಕ್ ಸಿಕ್ಕ ಮೇಲೆಯೇ ನನ್ನನ್ನು ಎಬ್ಬಿಸು’ ಅನ್ನುವ ಸೇವೆ ಒಂದಿದ್ದರೆ ಮಾತ್ರ ‘ವೇಟ್ ಆನ್‌ಲೈನ್’ ಅನ್ನೋ ಕಾವಲುಗಾರ ಬಾಗಿಲಲ್ಲಿ ನಿಲ್ತಾನೆ. ನೆಟ್‌ವರ್ಕ್ ಮ್ಯಾನೇಜರ್ ಇರುವ ಡೆಸ್ಕ್‌ಟಾಪ್‌ಗಳಲ್ಲಿ ಅವನು ಸಾಮಾನ್ಯವಾಗಿ 60 ಸೆಕೆಂಡ್‌ವರೆಗೆ ಕಾಯ್ತಾನೆ. ಸರ್ವರ್‌ಗಳಲ್ಲಿ ಬಳಸುವ ನೆಟ್‌ವರ್ಕ್‌ಡಿಯಲ್ಲಿ 120 ಸೆಕೆಂಡ್.

ಪತ್ತೆ ಹಚ್ಚೋದು ಹೇಗೆ? ಟರ್ಮಿನಲ್ ತೆರೆದು, ಇಂಗ್ಲಿಷ್ ಅಕ್ಷರದಲ್ಲಿ ಸಿಸ್ಟಮ್‌ಡಿ, ಹೈಫನ್, ಅನಲೈಜ್, ಒಂದು ಸ್ಪೇಸ್, ಬ್ಲೇಮ್ ಅಂತ ಹೊಡೀರಿ. ಯಾವ ಸೇವೆ ಎಷ್ಟು ಸೆಕೆಂಡ್ ತಗೊಂಡಿತು ಅನ್ನೋ ಪಟ್ಟಿ ಬರುತ್ತೆ, ದೊಡ್ಡದು ಮೇಲೆ.

ಇಲ್ಲಿ ಒಂದು ಎಚ್ಚರಿಕೆ. ಇದನ್ನು ಖರ್ಚಿನ ಪಟ್ಟಿ ಥರ ಕೂಡಿಸಬೇಡಿ, ಎಲ್ಲ ಒಟ್ಟಿಗೆ ನಡೆದಿರುತ್ತೆ. ಮೇಲಿರುವ ಹೆಸರೇ ತಡ ಮಾಡಿದ್ದು ಅಂತಲೂ ಅಲ್ಲ. ಅದಕ್ಕೇ ಬ್ಲೇಮ್ ಬದಲು ಕ್ರಿಟಿಕಲ್, ಹೈಫನ್, ಚೈನ್ ಅಂತ ಹೊಡೆದು ನೋಡಿ. ಯಾರು ಯಾರಿಗಾಗಿ ಕಾದರು ಅನ್ನೋ ಸರಪಳಿ ಸಿಗುತ್ತೆ. ಅದರಲ್ಲಿ ವೇಟ್ ಆನ್‌ಲೈನ್ ಮುಂದೆ ದೊಡ್ಡ ಸಂಖ್ಯೆ ಇದ್ದರೆ ಕಾರಣ ಸಿಕ್ಕಿತು. ಇಲ್ಲದಿದ್ದರೆ ಆಗ ಡಿಸ್ಕ್ ಕಡೆ ನೋಡ್ರಿ.

ಮನೆ ಕಂಪ್ಯೂಟರ್‌ಗೆ ಪರಿಹಾರ ಸುಲಭ. ಸುಡೊ, ಸಿಸ್ಟಮ್‌ಸಿಟಿಎಲ್, ಡಿಸೇಬಲ್ ಅಂತ ಹೊಡೆದು, ಆ ಪಟ್ಟಿಯಲ್ಲಿ ಕಂಡ ಸೇವೆಯ ಪೂರ್ತಿ ಹೆಸರನ್ನು ಹಾಗೇ ಕಾಪಿ ಮಾಡಿ ಹಾಕಿ. ಇದರಿಂದ ಇಂಟರ್ನೆಟ್ ನಿಲ್ಲೋದಿಲ್ಲ, ಕಾಯೋದು ಮಾತ್ರ ನಿಲ್ಲುತ್ತೆ. ಡೆಸ್ಕ್‌ಟಾಪ್ ಮೊದಲು ಬರುತ್ತೆ, ರೂಟರ್ ಎದ್ದ ಮೇಲೆ ನೆಟ್ ಹಿಂದಿನಿಂದ ಬಂದು ಸೇರುತ್ತೆ. ಸರಿ ಬರದಿದ್ದರೆ ಡಿಸೇಬಲ್ ಜಾಗದಲ್ಲಿ ಎನೇಬಲ್ ಹಾಕಿದರೆ ಮೊದಲಿನಂತೆ ಆಗುತ್ತೆ.

ಆದರೆ ಎಲ್ಲ ಕಡೆ ಇದನ್ನು ಮಾಡಬೇಡಿ. ಆಫೀಸಲ್ಲಿ ಇನ್ನೊಂದು ಕಂಪ್ಯೂಟರಿನ ಫೋಲ್ಡರ್ ನಿಮ್ಮ ಕಂಪ್ಯೂಟರಿಗೆ ಬೂಟ್ ಆಗುವಾಗಲೇ ಜೋಡಣೆ ಆಗುತ್ತಿದ್ದರೆ ಆ ಕಾವಲುಗಾರ ಬೇಕು. ಅವನನ್ನು ತೆಗೆದರೆ ಫೋಲ್ಡರ್ ಖಾಲಿ ಕಾಣಬಹುದು, ಬ್ಯಾಕಪ್ ತಪ್ಪಬಹುದು. ಅಲ್ಲಿ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಆ ಫೋಲ್ಡರಿನ ಸಾಲಿಗೆ ನೋಫೇಲ್ ಮತ್ತು ಎಕ್ಸ್, ಹೈಫನ್, ಸಿಸ್ಟಮ್‌ಡಿ, ಚುಕ್ಕೆ, ಆಟೋಮೌಂಟ್ ಅನ್ನೋ ಎರಡು ಆಯ್ಕೆ ಸೇರಿಸಿ. ಫೋಲ್ಡರ್ ತೆರೆದಾಗ ಮಾತ್ರ ಜೋಡಣೆ ಆಗುತ್ತೆ. ಉಬುಂಟು ಸರ್ವರ್‌ನಲ್ಲಿ ಕೇಬಲ್ ಇಲ್ಲದ ಎರಡನೇ ಲ್ಯಾನ್ ಪೋರ್ಟ್‌ಗಾಗಿ ಕಾಯ್ತಿದ್ದರೆ, ನೆಟ್‌ಪ್ಲಾನ್ ಕಡತದಲ್ಲಿ ಆ ಪೋರ್ಟ್ ಕೆಳಗೆ ಆಪ್ಷನಲ್, ಕೋಲನ್, ಸ್ಪೇಸ್, ಟ್ರೂ ಅಂತ ಬರೆದರೆ ಸಾಕು.

ಒಟ್ಟಿನಲ್ಲಿ, ಬಿಡಿಭಾಗ ಕೊಳ್ಳೋ ಮೊದಲು ಆ ಎರಡು ಕಮಾಂಡ್ ಹೊಡೆದು ನೋಡ್ರಿ. ಅದಕ್ಕೆ ಒಂದು ರೂಪಾಯಿಯೂ ಬೇಡ.