ನಿವೇಶನ ಒಂದು, ಕರಾರು ಎರಡು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರ ಕಾಲದಲ್ಲಿ ಮೇಸ್ತ್ರಿಯನ್ನು ಆರಿಸುವ ಸ್ವಾತಂತ್ರ್ಯವಾದರೂ ಮನೆಯ ಯಜಮಾನನಿಗಿತ್ತು. ಇಂದಿನ ಕೆಲವು ಬಡಾವಣೆಗಳಲ್ಲಿ ಅದೂ ಇಲ್ಲ. ಬಡಾವಣೆಯವರು ಗೊತ್ತುಮಾಡಿದ ನಿರ್ಮಾಪಕರಿಂದಲೇ ಮನೆ ಕಟ್ಟಿಸಬೇಕೆಂಬ ಷರತ್ತಿನ ಮೇಲೆಯೇ ಅಲ್ಲಿ ನಿವೇಶನ ದೊರೆಯುತ್ತದೆ.

ಬೆಂಗಳೂರು ಹೆದ್ದಾರಿಯ ಮೇಲಿರುವ ಶಂಶಾಬಾದಿನಲ್ಲಿ 2008ರ ಮಾರ್ಚ್ ತಿಂಗಳಿನಲ್ಲಿ ವಿಮಾನ ನಿಲ್ದಾಣ ಆರಂಭವಾಯಿತು. ಅಂದಿನಿಂದ ಹೈದರಾಬಾದಿನ ಕನ್ನಡಿಗರ ದೃಷ್ಟಿಯೂ ಆ ಕಡೆ ಹರಿದಿರುವುದು ಸಹಜವೇ. ಇಂತಹ ನಿವೇಶನವನ್ನು ಕೊಳ್ಳಬಯಸುವವರು ಮೊದಲು ತಿಳಿಯಬೇಕಾದುದು, ಇಲ್ಲಿರುವುದು ಒಂದಲ್ಲ, ಎರಡು ವ್ಯವಹಾರ ಎಂಬುದು. ನೆಲದ ಒಡೆತನವನ್ನು ಕೊಡುವುದು ನೋಂದಾಯಿತ ಕ್ರಯಪತ್ರ. ಮನೆ ಕಟ್ಟಿಕೊಡುವ ಹೊಣೆಯನ್ನು ಹೊರಿಸುವುದು ನಿರ್ಮಾಣದ ಕರಾರು. ಗ್ರಾಹಕನನ್ನು ನಿರ್ಮಾಪಕನಿಗೆ ಕಟ್ಟಿಹಾಕುವ ಷರತ್ತು ನಿರ್ಮಾಪಕನನ್ನೂ ಅಷ್ಟೇ ಬಿಗಿಯಾಗಿ ಕಟ್ಟಿಹಾಕಿದೆಯೇ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ.

ಕೆಲಸವನ್ನು ಯಾವಾಗ ಆರಂಭಿಸಿ ಯಾವಾಗ ಮುಗಿಸಬೇಕು? ಚದರ ಅಡಿಗೆ ನಿಗದಿಯಾದ ದರವನ್ನು ಮಧ್ಯದಲ್ಲಿ ಏರಿಸಬಹುದೇ? ಸಿಮೆಂಟು, ಕಬ್ಬಿಣಗಳ ಗುಣಮಟ್ಟವೇನು? ನಿರ್ಮಾಪಕನು ಕೈಬಿಟ್ಟರೆ ಬೇರೆಯವರಿಂದ ಕಟ್ಟಿಸಿಕೊಳ್ಳುವ ಹಕ್ಕುಂಟೇ? ಇವಕ್ಕೆ ಉತ್ತರವು ಬಾಯಿಮಾತಿನಲ್ಲಿದ್ದರೆ ಸಾಲದು, ಕರಾರಿನಲ್ಲಿಯೇ ಇರಬೇಕು. ಹಣವನ್ನು ತಿಂಗಳ ಲೆಕ್ಕದಲ್ಲಿ ಕೊಡದೆ, ಅಡಿಪಾಯ, ತಾರಸಿ, ಗಾರೆ ಎಂದು ಕೆಲಸದ ಹಂತಗಳಿಗೆ ತಕ್ಕಂತೆ ಕೊಡುವುದು ಕ್ಷೇಮ. ಅಳತೆಯಲ್ಲಿಯೂ ಎಚ್ಚರ ಬೇಕು: ನಮ್ಮವರು 30x40 ಎನ್ನುವ ನಿವೇಶನ ಹೈದರಾಬಾದಿನ ಲೆಕ್ಕದಲ್ಲಿ ಸುಮಾರು 133 ಚದರ ಗಜ.

ಕಾನೂನಿನ ಆಸರೆಯೂ ಉಂಟು. 2016ರ ‘ರೇರಾ’ ಕಾಯಿದೆಯಂತೆ, 500 ಚದರ ಮೀಟರಿಗೆ ಮೀರಿದ ಬಡಾವಣೆಯ ಯೋಜನೆಯನ್ನು ಸಾಮಾನ್ಯವಾಗಿ ನೋಂದಾಯಿಸಿದ ಮೇಲೆಯೇ ಮಾರಾಟಕ್ಕಿಡಬೇಕು. ಮಾರಾಟದ ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಗ್ರಾಹಕರಿಂದ ಬಂದ ಹಣದಲ್ಲಿ ಶೇಕಡಾ 70 ಭಾಗವು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಬೇಕು. ಆದರೆ ಕಟ್ಟಡದ ಕರಾರು ಬೇರೊಂದು ಸಂಸ್ಥೆಯ ಹೆಸರಿನಲ್ಲಿದ್ದರೆ, ನೋಂದಣಿಯು ಕೇವಲ ಬಡಾವಣೆಗೋ ಅಥವಾ ಮನೆಗಳಿಗೂ ಸೇರಿಯೋ ಎಂಬುದನ್ನು ವಿಚಾರಿಸಲೇಬೇಕು. ಹೈದರಾಬಾದಿನ ನಾರ್ನೆ ಕನ್‌ಸ್ಟ್ರಕ್ಷನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ನೀಡಿದ ತೀರ್ಪೂ ಗಮನಾರ್ಹ. ಅಭಿವೃದ್ಧಿಪಡಿಸಿಕೊಡುವ ಭರವಸೆಯೊಡನೆ ನಿವೇಶನ ಕೊಡುವುದು ಬರಿಯ ನೆಲದ ಮಾರಾಟವಲ್ಲ, ಅದು ಸೇವೆ. ಅದರಲ್ಲಿ ಕೊರತೆಯಾದರೆ ಗ್ರಾಹಕ ನ್ಯಾಯಾಲಯದ ಮೊರೆಹೋಗಬಹುದು ಎಂಬುದೇ ಅದರ ತಾತ್ಪರ್ಯ.

ಶಂಶಾಬಾದಿಗೆ ವಿಶೇಷವಾದ ಸಂಗತಿಯೊಂದಿದೆ. 1908ರ ಮೂಸಿ ಪ್ರವಾಹದ ಅನಂತರ ನಮ್ಮ ವಿಶ್ವೇಶ್ವರಯ್ಯನವರ ಸಲಹೆಯ ಮೇರೆಗೆ ನಿರ್ಮಿತವಾದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳ ರಕ್ಷಣೆಗಾಗಿ ಸರ್ಕಾರವು 1996ರಲ್ಲಿ 111ನೆಯ ಆಜ್ಞೆಯನ್ನು ಹೊರಡಿಸಿ, 84 ಗ್ರಾಮಗಳಲ್ಲಿ ನಿರ್ಮಾಣಕ್ಕೆ ಕಟ್ಟುನಿಟ್ಟಿನ ಮಿತಿ ಹಾಕಿತು. ಅವುಗಳಲ್ಲಿ ಶಂಶಾಬಾದ್ ಮಂಡಲದ ಗ್ರಾಮಗಳೂ ಸೇರಿದ್ದವು. 2022ರಲ್ಲಿ ಹೊರಟ 69ನೆಯ ಆಜ್ಞೆ ಈ ಮಿತಿಯನ್ನು ಷರತ್ತುಗಳೊಡನೆ ಸಡಿಲಿಸಿತು. ಆದುದರಿಂದ ಸರ್ವೆ ನಂಬರಿನ ಸದ್ಯದ ಸ್ಥಿತಿ, ನಕ್ಷೆಯ ಅನುಮೋದನೆ, ಋಣಭಾರ ಪತ್ರ ಇವುಗಳನ್ನು ಸ್ವತಂತ್ರ ವಕೀಲರಿಗೆ ತೋರಿಸಿಯೇ ಮುಂದುವರಿಯಬೇಕು. ವಕೀಲರನ್ನೂ ಬಡಾವಣೆಯವರೇ ಗೊತ್ತುಮಾಡಿಕೊಡುತ್ತೇವೆಂದರೆ ಆ ಸೌಕರ್ಯವನ್ನು ನಯವಾಗಿ ನಿರಾಕರಿಸುವುದೇ ಲೇಸು.