ಸೀಸವಿಲ್ಲದ ಸೂರ್ಯಫಲಕ

ಕಳೆದ ವರುಷ ನಮ್ಮ ವಸತಿಗೃಹದ ಮಾಡಿಗೆ ಸೂರ್ಯಫಲಕಗಳನ್ನು ಹೊದಿಸುವ ಮಾತು ಬಂದಾಗ, ಹಳೆಯ ವಿದ್ಯಾರ್ಥಿನಿಯೊಬ್ಬಳು ನಮಗೆ ಕಾಗದ ಬರೆದು, “ಹೊಸ ಬಗೆಯ ಫಲಕಗಳಲ್ಲಿ ಸೀಸವಿರುವುದಂತೆ, ಆ ಮಾಡಿನ ಮಳೆನೀರನ್ನೇ ಅಲ್ಲವೇ ಹುಡುಗಿಯರು ಕುಡಿಯುವುದು?” ಎಂದು ಕೇಳಿದ್ದಳು. ಆಕೆ ಈಗ ಇಬ್ಬರು ಮಕ್ಕಳ ತಾಯಿ. ಪ್ರಶ್ನೆಯು ಯೋಗ್ಯವಾದುದರಿಂದ ಉತ್ತರವನ್ನು ಎಲ್ಲರಿಗೂ ತಿಳಿಯುವಂತೆ ಇಲ್ಲಿ ಬರೆಯುತ್ತೇವೆ.

ಪೇಟೆಯಲ್ಲಿ ದೊರೆಯುವ ಫಲಕಗಳು ಬಹುಮಟ್ಟಿಗೆ ಸಿಲಿಕಾನಿನವು. ಅವುಗಳಲ್ಲಿ ಸೀಸವಿದ್ದರೆ ಹೆಚ್ಚಾಗಿ ಗಾಜಿನ ಕೆಳಗಣ ಬೆಸುಗೆಯಲ್ಲಿ. ಆಕೆ ಹೇಳಿದ ಹೊಸ ಬಗೆಯ ಹೆಸರು ಪೆರೊವ್‌ಸ್ಕೈಟ್. 1839 ರಲ್ಲಿ ಗುಸ್ತಾವ್ ರೋಸ್ ಎಂಬ ಪಂಡಿತನು ಯೂರಲ್ ಪರ್ವತದ ಖನಿಜವೊಂದಕ್ಕೆ ಪೆರೊವ್‌ಸ್ಕಿ ಎಂಬ ರಷ್ಯದ ಪ್ರಭುವಿನ ಹೆಸರನ್ನಿಟ್ಟನು. ಪರಮಾಣುಗಳ ಅದೇ ಜೋಡಣೆಯುಳ್ಳ ಪದಾರ್ಥಗಳಿಗೆಲ್ಲಾ ಈಗ ಆ ಹೆಸರೇ ಸಲ್ಲುತ್ತದೆ. 2009 ರಲ್ಲಿ ಜಪಾನಿನ ಮಿಯಾಸಾಕ ಎಂಬವರೂ ಅವರ ಸಂಗಡಿಗರೂ ಸೀಸವೂ ಅಯೋಡಿನೂ ಕೂಡಿದ ಇಂಥದೊಂದು ಲವಣದಿಂದ ವಿದ್ಯುತ್ತನ್ನು ಪಡೆದರು. ಆಗ ನೂರು ಪಾಲು ಬೆಳಕಿನಲ್ಲಿ ನಾಲ್ಕು ಪಾಲು ಸಹ ದಕ್ಕಲಿಲ್ಲ; ಈಗ ಪ್ರಯೋಗಶಾಲೆಗಳಲ್ಲಿ 26 ಪಾಲಿಗೂ ಮಿಕ್ಕು ದಕ್ಕುತ್ತದೆ. ಸಿಲಿಕಾನನ್ನು ಕರಗಿಸಲು 1400 ಡಿಗ್ರಿಗೂ ಮೀರಿದ ಕಾವು ಬೇಕು. ಇದನ್ನಾದರೋ ಶಾಯಿಯಂತೆ ಸವರಿ ಅಲ್ಪ ಕಾವಿನಲ್ಲಿ ಒಣಗಿಸಬಹುದು.

ಸವರಿದ ಪದರವು ಬಹಳ ತೆಳುವಾದುದರಿಂದ ಒಂದು ಚದರ ಮೀಟರಿನಲ್ಲಿರುವ ಸೀಸವು ಒಂದು ಗ್ರಾಮಿಗಿಂತಲೂ ಕಡಮೆ. ಆದರೂ ಈ ಲವಣವು ನೀರಿನಲ್ಲಿ ಕರಗತಕ್ಕದ್ದು. ಗಾಜು ಒಡೆದರೆ ಮಳೆಯೊಡನೆ ಇಳಿದೀತು. ಮಗುವಿನ ದೇಹವು ಸೀಸವನ್ನು ಸುಣ್ಣದಂಶವೆಂದು ಭ್ರಮಿಸಿ ಎಲುಬಿನಲ್ಲಿ ಸೇರಿಸಿಕೊಳ್ಳುತ್ತದೆ. ಬೆಳೆಯುತ್ತಿರುವ ಮಿದುಳು ಮಂದವಾಗುತ್ತದೆ. ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲನ್ನು 2000 ರಲ್ಲಿ ನಿಲ್ಲಿಸಿದುದು ಇದಕ್ಕಾಗಿಯೇ. (ಮಕ್ಕಳು ಕಚ್ಚುವ ಸೀಸದಕಡ್ಡಿಯಲ್ಲಿ ಸೀಸವಿಲ್ಲ, ಅದು ಗ್ರಾಫೈಟು. ತಾಯಂದಿರು ಹೆದರಬೇಕಾಗಿಲ್ಲ.)

ಸೀಸದ ಸ್ಥಾನದಲ್ಲಿ ಬೇರೇನನ್ನಿಡಬಹುದು? ಮೊದಲು ನೆನಪಾಗುವುದು ಅದರ ದಾಯಾದಿಯಾದ ತವರ, ನಮ್ಮ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವ ಲೋಹ. 2014 ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನವರೂ ಅಮೆರಿಕದ ನಾರ್ತ್‌ವೆಸ್ಟರ್ನಿನವರೂ ತವರದಿಂದ ಸುಮಾರು 6 ಪಾಲು ಪಡೆದರು; ಅದು ಈಗ 15 ರ ಆಸುಪಾಸಿಗೆ ಏರಿದೆ. ಆದರೆ ತವರಕ್ಕೆ ಒಂದು ದುರ್ಗುಣವುಂಟು. ಸೀಸವು ಎರಡು ಎಲೆಕ್ಟ್ರಾನುಗಳನ್ನು ಕೊಟ್ಟು ಸುಮ್ಮನಿರುತ್ತದೆ. ತವರವು ಗಾಳಿಯ ಆಮ್ಲಜನಕವನ್ನು ಕಂಡೊಡನೆ ಇನ್ನೆರಡನ್ನು ಕೊಟ್ಟುಬಿಡುವುದರಿಂದ ಹರಳು ಕೆಡುತ್ತದೆ. ಇದನ್ನು ತಡೆಯಲು ತವರದ ಫ್ಲೋರೈಡನ್ನು ಬೆರೆಸುತ್ತಾರೆ. ಇದರ ಲವಣವು ನೀರಿಗೆ ಬಿದ್ದರೆ ಹುಳಿಯೂ ಹುಟ್ಟುವುದರಿಂದ, ಸೀಸವಿಲ್ಲವೆಂದ ಮಾತ್ರಕ್ಕೆ ನಿರಪಾಯವೆಂದು ನಾವು ಒಪ್ಪಲಾರೆವು.

ಎರಡನೆಯದು ಬಿಸ್ಮತ್, ಹೊಟ್ಟೆನೋವಿನ ಔಷಧಿಗಳಲ್ಲಿ ಬಳಕೆಯಾಗುವ ಸಾಧುವಾದ ಲೋಹ. ಇಲ್ಲಿ ಲೆಕ್ಕವೊಂದಿದೆ: ಸೀಸದ ವಿದ್ಯುದಂಶ ಎರಡು, ಬಿಸ್ಮತಿನದು ಮೂರು. ಆದಕಾರಣ ಎರಡು ಸೀಸವನ್ನು ತೆಗೆದು, ಒಂದಂಶದ ಬೆಳ್ಳಿಯನ್ನೂ ಮೂರಂಶದ ಬಿಸ್ಮತನ್ನೂ ಇಟ್ಟರೆ ಮೊತ್ತವು ನಾಲ್ಕೇ ಆಗುತ್ತದೆ. 2016 ರಲ್ಲಿ ಪ್ರಕಟವಾದ ಈ ಜೋಡಿ ಹರಳು ಗಟ್ಟಿಯಾದುದೇ. ಆದರೆ ಬೆಳಕಿನ ಕೆಂಪು ಪಾರ್ಶ್ವವನ್ನು ಹೀರದಾದುದರಿಂದ ಸ್ವಲ್ಪವೇ ವಿದ್ಯುತ್ತನ್ನು ಕೊಡುತ್ತದೆ. ಇದರ ಬಂಧುವಾದ ಇಂಡಿಯಮಿನ ಹರಳಾದರೋ ಬೆಳಕನ್ನು ಹೊರಸೂಸುವುದರಲ್ಲಿ ಜಾಣ. 2018 ರಲ್ಲಿ ಅದರಿಂದ ಹಿತವಾದ ಬಿಳಿ ಬೆಳಕನ್ನು ಪಡೆದರು.

ನಾವು ಮಾಡಿಗೆ ಸಿಲಿಕಾನನ್ನೇ ಹೊದಿಸಿದ್ದೇವೆ. ಅಷ್ಟಾದರೂ, ಗಾಜು ಬಿರಿದ ಫಲಕವನ್ನು ಕಂಡ ದಿನವೇ ಇಳಿಸಿ, ತೊಟ್ಟಿಗೆ ಹೋಗುವ ಕೊಳವೆಯನ್ನು ಮುಚ್ಚಬೇಕೆಂದು ಕಾವಲುಗಾರನಿಗೆ ತಿಳಿಸಿದ್ದೇವೆ.